ಬೇಲಿಯಿಲ್ಲದ ಕಡಲಿಗೆ ಪುಟ್ಟ ಮಕ್ಕಳೊಡನೆ

(ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಡೆದ ಪೋಷಕರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪೀಣ್ಯದ ಮಗುವನ್ನಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಮಗುವನ್ನಾಗಲಿ ‘ನ್ಯಾಷನಲ್ ಪಾರ್ಕ್ ಅಂದರೇನು?’ ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಬನ್ನೇರುಘಟ್ಟ. ಟಿಕೆಟ್ ಕೌಂಟರು, ಕಿಟಕಿಗೆ ಜಾಲರಿ ಹಾಕಿದ ಬಸ್ಸು, ಬಸ್ಸಿನ ಪಕ್ಕದಲ್ಲೇ ಆಕಳಿಸುತ್ತ ಮಲಗಿದ ಸಿಂಹ, ಹೊರಗೆ ಬಂದ ಮೇಲೆ ಉಪ್ಪು-ಖಾರ ಹಚ್ಚಿದ ಸೌತೆಕಾಯಿ. ಈ ಮಕ್ಕಳ ಪಾಲಿಗೆ ಕಾಡೆಂದರೆ ಗೇಟು ಇರುವ ಜಾಗ. ನಿಜ ಹೇಳಬೇಕೆಂದರೆ ಆ ಸಫಾರಿ ನಡೆಯುವುದು 2002ರಲ್ಲಿ ಪ್ರತ್ಯೇಕಗೊಂಡ ಜೈವಿಕ ಉದ್ಯಾನದಲ್ಲಿ. 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಅದರಾಚೆಗೆ ಆನೇಕಲ್, ಕನಕಪುರದ ಕಡೆಗೆ ಹಬ್ಬಿರುವ ಆನೆಗಳ ಕಾಡು. ಈ ವ್ಯತ್ಯಾಸ ದೊಡ್ಡವರಿಗೇ ತಿಳಿಯದಿರುವಾಗ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ.

ಇದೇ ಮಗುವನ್ನು ದಸರಾ ರಜೆಯಲ್ಲೋ, ಡಿಸೆಂಬರಿನಲ್ಲೋ ಕಡಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ಗೇಟಿಲ್ಲ, ಬಸ್ಸಿಲ್ಲ, ಜಾಲರಿಯಿಲ್ಲ. ಆದರೆ ಅದೂ ಕಾಡೇ. ಇಂದಿನ ಮಾತು ಇಷ್ಟರ ಸುತ್ತಲೇ ಇದೆ.

ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ರಾಜ್ಯದ ಕರಾವಳಿ 300 ಕಿಲೋಮೀಟರಿಗೂ ಉದ್ದ. ಆದರೂ ಈ ಐದರಲ್ಲಿ ಒಂದಕ್ಕೂ ಕಡಲಿನ ಅಂಚು ತಾಗುವುದಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಗಿರುವ ಅಣಶಿಯಿಂದ ಕಾರವಾರಕ್ಕೆ ಹೆಚ್ಚು ದೂರವಿಲ್ಲವಾದರೂ ಅದು ಘಟ್ಟದ ಕಾಡು, ಕಡಲ ಕಾಡಲ್ಲ. ದೇಶದ ಬೇರೆಡೆ ಅಂಥವು ಇವೆ. ಗುಜರಾತಿನ ಕಛ್ ಕೊಲ್ಲಿಯಲ್ಲಿ 1982ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಅಲ್ಲಿ ನರಾರಾ ಎಂಬಲ್ಲಿ ನೀರು ಇಳಿದ ಹೊತ್ತಿನಲ್ಲಿ ಮಕ್ಕಳು ಹವಳದ ದಿಬ್ಬದ ಮೇಲೆ ನಡೆದೇ ಹೋಗಿ ನೋಡಬಹುದು. ಅಂಡಮಾನಿನ ವಂಡೂರಿನದು 1983ರದು, ತಮಿಳುನಾಡಿನ ಮನ್ನಾರ್ ಕೊಲ್ಲಿಯದು 1986ರದು. ಒಡಿಶಾದ ಭಿತರ್‌ಕನಿಕ 1998ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಪಕ್ಕದ ಗಹಿರ್‌ಮಾಥಾ ದಂಡೆಗೆ ಕಡಲಾಮೆಗಳು ಲಕ್ಷಗಟ್ಟಲೆಯಲ್ಲಿ ಮೊಟ್ಟೆಯಿಡಲು ಬರುತ್ತವೆ. ಪೀಣ್ಯದ ಕಾರ್ಖಾನೆಗಳಲ್ಲಿ ಪಕ್ಕದ ಯಂತ್ರದ ಮುಂದೆ ನಿಂತಿರುವ ಒಡಿಶಾದ ಕಾರ್ಮಿಕನನ್ನು ಒಮ್ಮೆ ಮಾತನಾಡಿಸಿ ನೋಡಿ. ಕರಾವಳಿಯ ಕಡೆಯವನಾದರೆ ಇಂದಿನ ಉಪನ್ಯಾಸವನ್ನು ಆತನೇ ಇನ್ನೂ ಚೆನ್ನಾಗಿ ಮಾಡಿಯಾನು.

ನಮ್ಮ ಕರಾವಳಿಯಲ್ಲಿ ಇರುವುದೆಲ್ಲ ಬಿಡಿಬಿಡಿ ತುಣುಕುಗಳು. ಹೊನ್ನಾವರದ ಬಳಿ ಕಾಂಡ್ಲಾ ಕಾಡು, ಕುಮಟಾದ ಬಳಿ ಅಘನಾಶಿನಿ ನದಿಯ ಅಳಿವೆ, ಮಲ್ಪೆಯ ಎದುರಿಗೆ ಸೇಂಟ್ ಮೇರಿ ದ್ವೀಪಗಳು, ಮುರ್ಡೇಶ್ವರದಾಚೆ ಹವಳವಿರುವ ನೇತ್ರಾಣಿ. ಅಘನಾಶಿನಿ ಅಳಿವೆಗೆ 2024ರ ಆರಂಭದಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶವೆಂಬ ಮನ್ನಣೆ ದೊರೆಯಿತು. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ದಂಡೆಗೆ 1991ರಲ್ಲಿ ಮೊದಲು ಬಂದು ಆಮೇಲೆ ಎರಡು ಬಾರಿ ಬದಲಾದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಹೀಗೆ ಕಾನೂನು ಇದೆ; ಒಳಗೆ ಹೋಗುವ ಮಕ್ಕಳನ್ನು ನಿಲ್ಲಿಸಿ ‘ಇಲ್ಲಿಂದ ಮುಂದೆ ಹೋಗಬೇಡಿ’ ಎನ್ನುವ ಕಾವಲುಗಾರ ಮಾತ್ರ ಎಲ್ಲ ಕಡೆ ಇಲ್ಲ. ಬನ್ನೇರುಘಟ್ಟದಲ್ಲಿ ಬಸ್ಸಿನ ಚಾಲಕ, ಬೇಲಿ, ಫಲಕ ಮತ್ತು ಗಡಿಯಾರ ಸೇರಿ ಮಾಡುವ ಕೆಲಸವನ್ನು ಕಡಲ ದಂಡೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಮಾಡಬೇಕು.

ಇದು ಸಣ್ಣ ಮಾತಲ್ಲ. 2024ರ ಡಿಸೆಂಬರಿನಲ್ಲಿ ಶೈಕ್ಷಣಿಕ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಕೋಲಾರ ಕೆರೆಗಳ ಜಿಲ್ಲೆ. ಬೆಂಗಳೂರಿನ ಹೊರವಲಯವೂ ಹಾಗೆಯೇ. ಈ ಬಯಲು ಸೀಮೆಯ ಮಗುವಿಗೆ ನೀರೆಂದರೆ ಕೆರೆ. ಕೆರೆಯ ನೀರು ನಿಂತ ನೀರು, ಅದರ ಅಪಾಯ ಆಳದಲ್ಲಿ ಮತ್ತು ಕೆಸರಿನಲ್ಲಿದೆ. ದಡದಲ್ಲಿ ಮೊಣಕಾಲುದ್ದ ನೀರಿದ್ದರೆ ಅದು ಮಧ್ಯಾಹ್ನದವರೆಗೂ ಮೊಣಕಾಲುದ್ದವೇ. ಕಡಲಿನ ಅಪಾಯ ಚಲನೆಯಲ್ಲಿದೆ. ಮೊಣಕಾಲುದ್ದದ ನೀರು ಮುಂದಿನ ಅಲೆಗೆ ಸೊಂಟದುದ್ದವಾಗುತ್ತದೆ. ಹಿಂದಕ್ಕೆ ಸರಿಯುವಾಗ ಕಾಲಿನಡಿಯ ಮರಳನ್ನೂ ಎಳೆದುಕೊಂಡೇ ಹೋಗುತ್ತದೆ.

ಇನ್ನೂ ಒಂದು ವಿಚಿತ್ರವಿದೆ. ಕೆರೆಯಲ್ಲಿ ನೀರು ಶಾಂತವಾಗಿ ಕಂಡ ಜಾಗವೇ ಸುರಕ್ಷಿತವೆಂದು ಎಲ್ಲರೂ ನಂಬಿದ್ದಾರೆ. ಕಡಲಿನಲ್ಲಿ ಇದು ತಿರುಗುಮುರುಗು. ದಡಕ್ಕೆ ಬಂದು ಒಡೆದ ಅಲೆಗಳ ನೀರು ಎಲ್ಲಿಂದಾದರೂ ಹಿಂದಕ್ಕೆ ಹೋಗಲೇಬೇಕಲ್ಲ? ಅದು ಅಲ್ಲಲ್ಲಿ ಒಂದು ಕಾಲುವೆ ಮಾಡಿಕೊಂಡು ರಭಸದಿಂದ ಹಿಂದೆ ಹರಿಯುತ್ತದೆ. ಆ ಕಾಲುವೆಯಲ್ಲಿ ನೀರು ಆಳವಾಗಿರುವುದರಿಂದ ಅಲೆ ಒಡೆಯುವುದಿಲ್ಲ, ನೊರೆ ಏಳುವುದಿಲ್ಲ. ಎರಡು ಕಡೆ ಬಿಳಿ ನೊರೆಯಿದ್ದು ನಡುವೆ ಕಪ್ಪಗೆ, ತಣ್ಣಗೆ ಕಾಣುವ ಪಟ್ಟೆ ಇದ್ದರೆ ಅದು ಸೆಳೆತದ ಜಾಗ. ಮಕ್ಕಳಿಗೆ ಇಲ್ಲಿ ಸ್ನಾನ ಮಾಡಿಸಬಹುದೆಂದು ಬಯಲು ಸೀಮೆಯವರು ಆರಿಸಿಕೊಳ್ಳುವುದೂ ಹಲವೊಮ್ಮೆ ಅದನ್ನೇ. ಸೆಳೆತಕ್ಕೆ ಸಿಕ್ಕವರು ದಡದತ್ತ ಎದುರಾಗಿ ಈಜಲು ಹೋಗಿ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬರಬಹುದು. ಆದರೆ ಇದು ಈಜು ಬಲ್ಲ ದೊಡ್ಡವರಿಗೆ ಹೇಳುವ ಮಾತು. ಐದು ವರ್ಷದ ಮಗುವಿಗೆ ಇರುವ ನಿಯಮ ಒಂದೇ: ಮಗುವಿನ ಮೊಣಕಾಲಿಗಿಂತ ಮೇಲೆ ನೀರು ಬರಬಾರದು, ಕೈಗೆ ಎಟಕುವಷ್ಟು ಹತ್ತಿರದಲ್ಲಿ ದೊಡ್ಡವರೊಬ್ಬರು ಇರಬೇಕು, ಅವರು ನಿಲ್ಲುವುದು ಮಗುವಿನ ಹಿಂದೆ ದಡದ ಕಡೆಗಲ್ಲ, ಮುಂದೆ ಕಡಲಿನ ಕಡೆಗೆ. ಮೊಬೈಲಿನಲ್ಲಿ ಚಿತ್ರ ತೆಗೆಯುವವರನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು.

ಕಡಲನ್ನೇ ನಂಬಿ ಬದುಕುವವರು ಅದರೊಡನೆ ಹೇಗಿದ್ದಾರೆ ಎಂಬುದನ್ನು ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆಗಾಲ ತಗ್ಗಿ ಶ್ರಾವಣದ ಹುಣ್ಣಿಮೆ ಬಂದಾಗ ಮೊಗವೀರರು ದಂಡೆಯಲ್ಲಿ ಸಮುದ್ರ ಪೂಜೆ ಮಾಡಿ, ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ತಲೆತಲಾಂತರದಿಂದ ಕಡಲನ್ನು ಬಲ್ಲವರೇ ಹೀಗೆ ಅಪ್ಪಣೆ ಕೇಳಿ ಇಳಿಯುತ್ತಾರೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಪ್ರವಾಸಿ ಮಾತ್ರ ಬಸ್ಸಿನಿಂದ ಇಳಿದವನೇ ನೀರಿಗೆ ಓಡುತ್ತಾನೆ.

ಭಾಷೆಯಲ್ಲೂ ಈ ಎರಡು ಸೀಮೆಗಳ ಅಂತರ ಕಾಣುತ್ತದೆ. ‘ಕೋಡಿ’ ಎಂದರೆ ಬೆಂಗಳೂರು, ಕೋಲಾರ, ತುಮಕೂರಿನವರಿಗೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದು ಹೋಗುವ ಜಾಗ. ಕರಾವಳಿಯಲ್ಲಿ ಕೋಡಿ ಎಂದರೆ ತುದಿ. ಕುಂದಾಪುರದ ಕೋಡಿ, ಕೋಡಿ ಬೆಂಗ್ರೆ ಎಂದು ಊರುಗಳೇ ಇವೆ, ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು. ಶಿವರಾಮ ಕಾರಂತರು 1941ರ ‘ಮರಳಿ ಮಣ್ಣಿಗೆ’ಯಲ್ಲಿ ಚಿತ್ರಿಸಿದ್ದು ಇಂಥದೇ ಒಂದು ಕೋಡಿಯ ಮೂರು ತಲೆಮಾರುಗಳನ್ನು. ಕಡಲು ಆ ಮನೆಯವರಿಗೆ ನೋಡಲು ಹೋಗುವ ತಾಣವಲ್ಲ, ಹಿತ್ತಲಿನಾಚೆಗಿನ ನೆರೆಮನೆ. ಅದೇ ಕಾರಂತರು ಕನ್ನಡದ ಮಕ್ಕಳಿಗಾಗಿ ‘ಬಾಲಪ್ರಪಂಚ’ ಎಂಬ ಸಂಪುಟಗಳನ್ನೂ ಬರೆದವರು. ಕೋಟದ ಕಡಲ ಗಾಳಿಯಲ್ಲಿ ಬೆಳೆದವರಿಗೆ ಮಕ್ಕಳ ಕುತೂಹಲದ ಮೇಲೆ ಇದ್ದ ನಂಬಿಕೆ ಇಂದಿನ ಪ್ರವಾಸದ ಪ್ಯಾಕೇಜುಗಳಿಗೆ ಇದ್ದಂತಿಲ್ಲ.

ಹಾಗಾದರೆ ಮಕ್ಕಳನ್ನು ಕಡಲಿಗೆ ಕರೆದೊಯ್ಯಬಾರದೇ? ಖಂಡಿತ ಒಯ್ಯಬೇಕು. ಆದರೆ ಅಲೆಗೆ ಎದೆಯೊಡ್ಡಲು ಅಲ್ಲ, ನೀರು ಹಿಂದೆ ಸರಿದ ಮೇಲೆ ಉಳಿಯುವ ಒದ್ದೆ ನೆಲವನ್ನು ನೋಡಲು. ಚಿಕ್ಕ ಮಕ್ಕಳ ಎತ್ತರಕ್ಕೆ, ಅವರ ನಡಿಗೆಯ ವೇಗಕ್ಕೆ ತಕ್ಕ ಅಭಯಾರಣ್ಯ ಅದು. ಅದು ತೆರೆಯುವುದೂ ಮುಚ್ಚುವುದೂ ಉಬ್ಬರ ಇಳಿತದ ವೇಳೆಗೆ; ಉತ್ತರ ಕನ್ನಡದವರ ಬಾಯಲ್ಲಿ ಭರತ ಮತ್ತು ಇಳಿತ.

ಪಾಳಿಯಲ್ಲಿ ಕೆಲಸ ಮಾಡುವವರಿಗೆ ಇದರ ಲೆಕ್ಕ ಕಷ್ಟವಲ್ಲ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಬರುವ ಕಾರ್ಮಿಕ. ಕಡಲಿನ ಪಾಳಿಯೂ ಅವನ ಹಿಂದೆಯೇ ತಡವಾಗುತ್ತ ಹೋಗುತ್ತದೆ. ಇಂದು ಬೆಳಿಗ್ಗೆ 7ಕ್ಕೆ ಇಳಿತ ಕಂಡವರು ನಾಳೆ 8ರ ಹತ್ತಿರಕ್ಕೆ ಬಂದರೆ ಸಾಕು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ಅಂದರೆ ಅಡುಗೆ ಮನೆಯ ಗೋಡೆಗೆ ನೇತು ಹಾಕಿದ ತಿಥಿಯಿರುವ ಕ್ಯಾಲೆಂಡರಿನಲ್ಲೇ ಅರ್ಧ ಮಾಹಿತಿಯಿದೆ. ಉಳಿದರ್ಧ ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತವರ ಬಳಿ ಇರುತ್ತದೆ, ಕೇಳಬೇಕು ಅಷ್ಟೆ. ಪೂರ್ತಿ ಇಳಿತದ ವೇಳೆಗೆ ಒಂದು ಗಂಟೆ ಮೊದಲೇ ಹೋಗಿ, ನೀರು ತಿರುಗಿದ ಕೂಡಲೇ ಮಕ್ಕಳನ್ನು ಮೇಲಕ್ಕೆ ಕರೆತರುವುದು ಜಾಣತನ.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಘಟ್ಟದ ಸುರಂಗಗಳನ್ನು ಕತ್ತಲಲ್ಲೇ ದಾಟಿ, ಮರುದಿನ ಬೆಳಿಗ್ಗೆ ಕಾರವಾರದ ದಿಕ್ಕಿನಲ್ಲಿ ಕಡಲ ಪಕ್ಕದ ಊರುಗಳನ್ನು ಹಾಯುತ್ತದೆ. ಹೊನ್ನಾವರ ನಿಲ್ದಾಣಕ್ಕೆ ಸ್ವಲ್ಪ ಮೊದಲು ಮಕ್ಕಳನ್ನು ಎಬ್ಬಿಸಬೇಕು. ಶರಾವತಿಯ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ಹೊಳೆ ಕಡಲಾಗುವ ಜಾಗ ಕಿಟಕಿಯಿಂದಲೇ ಕಾಣುತ್ತದೆ.

ಹೊನ್ನಾವರದ ಬಳಿ ಶರಾವತಿಯ ಅಂಚಿನಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನ ನಡುವೆ ಕಾಲುದಾರಿ ನಿರ್ಮಿಸಿದೆ. ತಳ್ಳುಗಾಡಿಯ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಯಾರೂ ನೀರಿಗಿಳಿಯದೆ ಕಡಲ ಕಾಡನ್ನು ಒಳಗಿನಿಂದ ನೋಡುವ ಅವಕಾಶ ಇಲ್ಲಿದೆ. ಕಾಂಡ್ಲಾ ಗಿಡ ಉಪ್ಪು ನೀರಿನಲ್ಲಿ ಬದುಕಲು ಕಲಿತ ಗಿಡ. ಕೆಸರಿನೊಳಗೆ ಗಾಳಿ ಸಿಗದ ಕಾರಣ ಕೆಲವು ಜಾತಿಗಳು ಬೇರನ್ನು ಮೇಲಕ್ಕೆ ಕಳಿಸಿ ಉಸಿರಾಡುತ್ತವೆ. ಇಳಿತದಲ್ಲಿ ನೋಡಿದರೆ ನೆಲದ ತುಂಬ ಪೆನ್ಸಿಲ್ ನೆಟ್ಟಂತೆ ಕಾಣುವುದು ಇವೇ ಬೇರುಗಳು. ಇನ್ನು ಕೆಲವು ಜಾತಿಗಳ ಬೀಜ ತಾಯಿ ಮರದ ಮೇಲೆ ಇರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಇಳಿಬಿದ್ದು, ಬೆಳೆದ ಮೇಲೆ ಕೆಳಗೆ ಬೀಳುತ್ತದೆ. ಬಿದ್ದ ಜಾಗದಲ್ಲಿ ಕೆಸರಿದ್ದರೆ ಅಲ್ಲೇ ಬೇರೂರುತ್ತದೆ, ನೀರಿದ್ದರೆ ತೇಲಿಕೊಂಡು ಬೇರೆ ದಡ ಹುಡುಕುತ್ತದೆ. ಕೆಸರಿನ ಮೇಲೆ ರೆಕ್ಕೆಗಳನ್ನೇ ಕಾಲು ಮಾಡಿಕೊಂಡು ತೆವಳುವ ಮೀನು, ಒಂದು ಕೊಂಡಿ ಮಾತ್ರ ದೊಡ್ಡದಾಗಿರುವ ಏಡಿ ಮಕ್ಕಳ ಕಣ್ಣಿಗೆ ದೊಡ್ಡವರಿಗಿಂತ ಮೊದಲು ಬೀಳುತ್ತವೆ. ಸದ್ದು ಮಾಡದೆ ಐದು ನಿಮಿಷ ಕೂತರೆ ಬಿಲದೊಳಗಿದ್ದ ಏಡಿಗಳೆಲ್ಲ ಹೊರಗೆ ಬರುತ್ತವೆ. ಐದು ನಿಮಿಷ ಸುಮ್ಮನಿರುವುದು ಮಕ್ಕಳಿಗಿಂತ ಅಪ್ಪಂದಿರಿಗೆ ಕಷ್ಟವೆಂಬ ಮಾತೂ ಉಂಟು.

ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಇಡೀ ಊರೇ ಕೆಸರಿಗಿಳಿದಂತೆ ಕಾಣುತ್ತದೆ. ಗಂಡಸರು, ಹೆಂಗಸರು ಬಳಚು, ಚಿಪ್ಪಿಕಲ್ಲು ಆಯುತ್ತಿರುತ್ತಾರೆ. ಅಣೆಕಟ್ಟು ಕಾಣದೆ ಕಡಲು ಸೇರುವ ಕೆಲವೇ ಹೊಳೆಗಳಲ್ಲಿ ಇದೊಂದು. ಅದರ ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಸಮೀಪದ ಸಾಣಿಕಟ್ಟಾದಲ್ಲಿ ಬೇಸಿಗೆ ಬಂದರೆ ಉಪ್ಪಿನ ಆಗರಗಳು ಬಿಳಿಯಾಗುತ್ತವೆ. ಪ್ಯಾಕೆಟ್ಟಿನಿಂದ ಉಪ್ಪು ಬರುತ್ತದೆಂದು ತಿಳಿದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ದೊಡ್ಡ ಮಕ್ಕಳಿದ್ದರೆ ಪಕ್ಕದ ಅಂಕೋಲೆಯ ಕಥೆಯನ್ನೂ ಹೇಳಬಹುದು: 1930ರ ಏಪ್ರಿಲ್ 13ರಂದು ಅಲ್ಲಿ ಜನ ಕಡಲ ನೀರಿನಿಂದ ಉಪ್ಪು ತಯಾರಿಸಿ ಬ್ರಿಟಿಷರ ಕಾನೂನು ಮುರಿದರು.

ಉಡುಪಿಯ ಕಡೆ ಹೋದವರಿಗೆ ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ ದೋಣಿಯಿದೆ, ಮಳೆಗಾಲದಲ್ಲಿ ಮಾತ್ರ ಇಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂಬ ಪ್ರತೀತಿ ಇದೆ. ಪ್ರವಾಸಿ ಮಾರ್ಗದರ್ಶಕರೆಲ್ಲ ಅದನ್ನೇ ಹೇಳುತ್ತಾರೆ. ಹೇಳಬೇಕಾದ ಕಥೆ ಇನ್ನೂ ಹಳೆಯದು. ಕಂಬ ಕಂಬವಾಗಿ ಐದು, ಆರು ಮೂಲೆಗಳಲ್ಲಿ ನಿಂತ ಅಲ್ಲಿಯ ಕಲ್ಲು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಶಿಲಾರಸ. ಬತ್ತಿದ ಕೆರೆಯ ಕೆಸರು ಒಣಗುತ್ತ ಚಕ್ಕೆ ಚಕ್ಕೆಯಾಗಿ ಬಿರುಕು ಬಿಡುವುದನ್ನು ಬಯಲು ಸೀಮೆಯ ಮಕ್ಕಳು ನೋಡಿರುತ್ತಾರಲ್ಲ, ಹಾಗೆಯೇ ಆ ರಸವೂ ತಣಿದು ಕುಗ್ಗಿ ಬಿರುಕುಗೊಂಡು ಕಂಬಗಳಾದವು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಂಗಳೂರಿನಲ್ಲೂ ಅಂಥದೊಂದು ಸ್ಮಾರಕವಿದೆ, ಲಾಲ್‌ಬಾಗಿನ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆ ನೂರು ವರ್ಷದ ಮುತ್ತಜ್ಜಿ ಎಂದಿಟ್ಟುಕೊಂಡರೆ ಸೇಂಟ್ ಮೇರಿಯ ಕಂಬಗಳು ಇನ್ನೂ ಶಿಶುವಿಹಾರಕ್ಕೂ ಸೇರದ ಮೂರು ವರ್ಷದ ಕೂಸು. ಹೊರಡುವ ಮುಂಚಿನ ಭಾನುವಾರ ಮಕ್ಕಳನ್ನು ಲಾಲ್‌ಬಾಗಿಗೆ ಕರೆದೊಯ್ದು ಆ ಬಂಡೆಯ ಮೇಲೆ ಕೂರಿಸಿದ್ದರೆ ದ್ವೀಪದಲ್ಲಿ ಹೆಚ್ಚು ವಿವರಿಸುವ ಕಷ್ಟ ಬರುವುದಿಲ್ಲ. ದ್ವೀಪದ ಬಂಡೆಗಳು ಜಾರುತ್ತವೆ, ಸುತ್ತಲಿನ ನೀರು ಈಜಿಗಲ್ಲ. ನೆರಳೂ ಕಡಿಮೆ, ಬೆಳಗಿನ ದೋಣಿಯೇ ಮೇಲು.

ಡಿಸೆಂಬರಿನಿಂದ ಮಾರ್ಚಿಯವರೆಗೆ ಹೋದವರಿಗೆ ದಂಡೆಯಲ್ಲಿ ಬಲೆ ಕಟ್ಟಿ ಕಾಪಾಡಿದ ಕಡಲಾಮೆಯ ಗೂಡು ಕಾಣಸಿಗಬಹುದು. ಒಂದು ಆಮೆ ಒಮ್ಮೆಗೆ ನೂರರಷ್ಟು ಮೊಟ್ಟೆಯಿಟ್ಟು ಮರಳು ಮುಚ್ಚಿ ಹೋಗುತ್ತದೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಇರುಳಿನಲ್ಲಿ ಹೊರಬಂದ ಮರಿ ಬೆಳಕು ಹೆಚ್ಚಿರುವ ದಿಕ್ಕಿಗೆ ಹೊರಡುತ್ತದೆ. ಮನುಷ್ಯನ ದೀಪವಿಲ್ಲದ ಕಾಲದಲ್ಲಿ ಆ ದಿಕ್ಕು ಯಾವಾಗಲೂ ಕಡಲೇ ಆಗಿತ್ತು. ಇಂದು ಒಂದು ಮೊಬೈಲಿನ ಟಾರ್ಚು ಅದನ್ನು ರಸ್ತೆಯ ಕಡೆಗೆ ನಡೆಸಬಲ್ಲದು. ಮೊದಲು ಮೊಟ್ಟೆ ಆಯ್ದು ತಿನ್ನುತ್ತಿದ್ದ ದಂಡೆಗಳಲ್ಲೇ ಈಗ ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಮಗುವಿಗೆ ಇದನ್ನು ಹೇಳಿ ನೋಡಿ, ಟಾರ್ಚು ಆರಿಸಲು ಅದೇ ಮೊದಲು ಒತ್ತಾಯಿಸುತ್ತದೆ.

ಚಿಪ್ಪು, ಶಂಖ ಆಯುವ ಆಸೆ ಎಲ್ಲ ಮಕ್ಕಳಿಗೂ ಇದೆ. ಖಾಲಿ ಶಂಖದೊಳಗೆ ಮನೆ ಹೂಡುವ ಒಂದು ಏಡಿಯಿದೆ. ಪಠ್ಯಪುಸ್ತಕ ಬರೆದವರು ಅದಕ್ಕೆ ಅದೇಕೋ ಸನ್ಯಾಸಿ ಏಡಿ ಎಂದು ಹೆಸರಿಟ್ಟಿದ್ದಾರೆ, ಮನೆಗಾಗಿ ಅದು ಪಡುವ ಪಾಡು ನೋಡಿದರೆ ಪಕ್ಕಾ ಸಂಸಾರಿ. ದಂಡೆಯಿಂದ ಒಂದು ಶಂಖ ಕಡಿಮೆಯಾದರೆ ಅದಕ್ಕೆ ಬಾಡಿಗೆ ಮನೆ ಒಂದು ಕಡಿಮೆ. ಬೆಂಗಳೂರಿನ ಹೊರವಲಯದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಯಲಿ, ನೋಡಲಿ, ಎಣಿಸಲಿ, ಅಲ್ಲೇ ಬಿಟ್ಟು ಬರಲಿ.

ಕೊನೆಯದಾಗಿ ನೊರೆಯ ವಿಷಯ. ವೈಟ್‌ಫೀಲ್ಡ್ ಕಡೆಯ ಮಕ್ಕಳು ದೊಡ್ಡವರಿಂದ ವರ್ತೂರು ಕೆರೆಯ ನೊರೆಯ ಕಥೆ ಕೇಳಿದ್ದಾರೆ. 2015ರ ಸುಮಾರಿಗೆ ಅದು ಗಾಳಿಗೆ ಹಾರಿ ರಸ್ತೆಯ ಮೇಲೇ ಬೀಳುತ್ತಿತ್ತು. ಕಡಲಿನ ನೊರೆ ಕಂಡ ಮಗು ‘ಇದೂ ಕೊಳಚೆಯೇ?’ ಎಂದು ಕೇಳಿದರೆ ನಗಬಾರದು. ಕಡಲಿನ ನೊರೆ ನೀರಿನಲ್ಲಿರುವ ಸೂಕ್ಷ್ಮಜೀವಿಗಳ ಅಂಶ ಅಲೆಯ ಹೊಡೆತಕ್ಕೆ ಕಡೆದು ಏಳುವಂಥದು. ವರ್ತೂರಿನದು ಮನೆಮನೆಯ ಬಚ್ಚಲಿನ ಸಾಬೂನು ಪುಡಿಯದು. ಆದರೆ ಎರಡೂ ಬೇರೆ ಬೇರೆ ನೀರು ಎಂದು ಹೇಳಿ ಮುಗಿಸುವಂತಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ವರ್ತೂರಿನ ಕೋಡಿ ನೀರು ದಕ್ಷಿಣ ಪಿನಾಕಿನಿಯ ಮೂಲಕ ತಮಿಳುನಾಡಿಗೆ ಹೋಗುತ್ತದೆ. ಪೀಣ್ಯದ ಪಶ್ಚಿಮದ ಕಾಲುವೆಗಳ ನೀರು ವೃಷಭಾವತಿ, ಅರ್ಕಾವತಿಗಳಲ್ಲಿ ಹರಿದು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಎರಡೂ ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನು. ಪೀಣ್ಯದ ಮಗು ನೋಡಿ ಬಂದದ್ದು ಪಡುವಣ ಕಡಲು. ಅದರ ಮನೆಯ ಮುಂದಿನ ಮೋರಿ ಹೋಗುವುದು ಮೂಡಣ ಕಡಲಿಗೆ, ಗಹಿರ್‌ಮಾಥಾದ ಆಮೆಗಳು ಈಜುವ ಅದೇ ಕೊಲ್ಲಿಗೆ.

ಕಾರವಾರದಿಂದ ಸಂಜೆ ಹೊರಟ ರೈಲು ಬೆಳಿಗ್ಗೆ ಬೆಂಗಳೂರು ಸೇರುತ್ತದೆ. ಸೋಮವಾರದ ಮೊದಲ ಪಾಳಿಗೆ ಹೋಗಬೇಕಾದವರು ಶನಿವಾರವೇ ಹಿಂದಿರುಗುವ ಟಿಕೆಟ್ ತೆಗೆಸಿಕೊಳ್ಳುವುದು ಒಳ್ಳೆಯದು. ಪ್ರಶ್ನೆಗಳಿದ್ದರೆ ಕೇಳಬಹುದು, ಮಕ್ಕಳು ಮೊದಲು.